ತನ್ನನ್ನು ತಿಳಿಯಲು ಬಿಡುವು ಬೇಕೆ?

ಬಿಡುವಾದ ಮೇಲೆ ನಮ್ಮ ಬಗ್ಗೆ ಯೋಚಿಸೋಣ ಎಂದು ಮುಂದೂಡುವುದು ದುಡಿಯುವವರ ರೂಢಿ. ಮಕ್ಕಳ ಪರೀಕ್ಷೆ ಮುಗಿಯಲಿ, ಮನೆಸಾಲ ತೀರಲಿ, ಆಮೇಲೆ ಎಲ್ಲಿಗಾದರೂ ಹೋಗಿ ಹತ್ತು ದಿನ ಸುಮ್ಮನೆ ಕೂತು, ತಾನು ಎಂಥವನು, ತನಗೇನು ಬೇಕು ಎಂದು ನೋಡಿಕೊಂಡರಾಯಿತು ಎಂಬ ಲೆಕ್ಕ. ನಿಜವಾದ ‘ನಾನು’ ಒಳಗೆಲ್ಲೋ ಅಡಗಿದೆ, ದಿನದ ಗದ್ದಲ ನಿಂತರೆ ಅದು ತಾನಾಗಿ ಕಾಣುತ್ತದೆ ಎಂಬ ನಂಬಿಕೆ ಈ ಲೆಕ್ಕದ ಬೆನ್ನಿಗಿದೆ. ಮನೋವಿಜ್ಞಾನದ ಐವತ್ತು ವರ್ಷಗಳ ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ ಎನ್ನಿಸುತ್ತದೆ. ನಾವು ಎಂಥವರು ಎಂಬುದಕ್ಕೆ ಗಟ್ಟಿ ಪುರಾವೆ ಸಿಗುವುದು ಗಡಿಬಿಡಿಯ ದಿನಗಳಲ್ಲೇ. ಆ ಪುರಾವೆಯನ್ನು ಓದಿಕೊಳ್ಳಲು ಬೇಕಾದ ಹೊತ್ತೂ ನಾವು ಅಂದುಕೊಂಡಷ್ಟು ದೊಡ್ಡದಲ್ಲ.

ಒಳಗೆ ಇಣುಕಿದರೆ ಏನು ಕಾಣುತ್ತದೆ ಎಂಬುದನ್ನೇ ಮೊದಲು ನೋಡೋಣ. ಅಮೆರಿಕದ ರಿಚರ್ಡ್ ನಿಸ್ಬೆಟ್ ಮತ್ತು ತಿಮೊತಿ ವಿಲ್ಸನ್ 1977ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಸರಳ ಪ್ರಯೋಗವಿದೆ. ಅಂಗಡಿಯೊಂದರಲ್ಲಿ ನಾಲ್ಕು ಜೊತೆ ನೈಲಾನ್ ಕಾಲುಚೀಲಗಳನ್ನು ಸಾಲಾಗಿ ಇಟ್ಟು, ಯಾವುದರ ಗುಣಮಟ್ಟ ಚೆನ್ನಾಗಿದೆ ಎಂದು ಬಂದವರನ್ನು ಕೇಳಿದರು. ನಾಲ್ಕೂ ಒಂದೇ ಮಾಲು. ಆದರೂ ಎಡತುದಿಯದನ್ನು ಆರಿಸಿದವರು ಶೇ. 12, ಬಲತುದಿಯದನ್ನು ಆರಿಸಿದವರು ಶೇ. 40. ಯಾಕೆ ಎಂದು ಕೇಳಿದಾಗ ನೇಯ್ಗೆ, ನವಿರು ಎಂದೆಲ್ಲ ಕಾರಣ ಕೊಟ್ಟರು. ಇಟ್ಟಿದ್ದ ಜಾಗ ಕಾರಣವೆಂದು ತಾವಾಗಿ ಹೇಳಿದವರು ಒಬ್ಬರೂ ಇಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ. ಮನಸ್ಸು ತೀರ್ಮಾನ ಮಾಡಿದ ದಾರಿ ಮನಸ್ಸಿಗೇ ಕಾಣುವುದಿಲ್ಲ, ಒಪ್ಪುವಂಥ ಕಾರಣವನ್ನು ಆಮೇಲೆ ಹೊಂದಿಸಿಕೊಳ್ಳುತ್ತದೆ. ಇನ್ನು ಬಿಡುವಿನ ಮಾತು. ಇದೇ ವಿಲ್ಸನ್ ಮತ್ತು ಸಂಗಡಿಗರು 2014ರಲ್ಲಿ ಕೆಲವರನ್ನು ಖಾಲಿ ಕೋಣೆಯಲ್ಲಿ ಹದಿನೈದು ನಿಮಿಷ ಒಂಟಿಯಾಗಿ ಕೂರಿಸಿದರು. ಬೇಕಾದರೆ ಗುಂಡಿ ಒತ್ತಿ ತಮಗೆ ತಾವೇ ಸಣ್ಣ ವಿದ್ಯುತ್ ಆಘಾತ ಕೊಟ್ಟುಕೊಳ್ಳಬಹುದಿತ್ತು. ದುಡ್ಡು ಕೊಟ್ಟಾದರೂ ಈ ಆಘಾತ ತಪ್ಪಿಸಿಕೊಳ್ಳುತ್ತೇವೆ ಎಂದು ಮೊದಲೇ ಹೇಳಿದ್ದವರಲ್ಲಿ 18 ಗಂಡಸರ ಪೈಕಿ 12 ಮಂದಿ, 24 ಹೆಂಗಸರ ಪೈಕಿ 6 ಮಂದಿ ಗುಂಡಿ ಒತ್ತಿದರು! ಬರಿದಾದ ಹೊತ್ತು ಸಿಕ್ಕ ಮಾತ್ರಕ್ಕೆ ಮನಸ್ಸು ಆತ್ಮಶೋಧನೆಗೆ ಹೊರಡುವುದಿಲ್ಲ. ಧ್ಯಾನ, ಮೌನಗಳ ಪರಂಪರೆಯನ್ನು ಇದರಿಂದ ಅಲ್ಲಗಳೆದಂತೆ ಆಗದು. ಅವು ವರ್ಷಗಟ್ಟಲೆ ಗಮನವನ್ನು ಪಳಗಿಸುವ ಶಿಸ್ತುಗಳು. ರಜೆ ಹಾಕಿ ಸುಮ್ಮನೆ ಕೂರುವುದು ಬೇರೆ.

ಹಾಗಾದರೆ ನಾವು ಕಾಣುವುದು ಎಲ್ಲಿ? ಜಾನ್ ಡಾರ್ಲಿ ಮತ್ತು ಡ್ಯಾನಿಯಲ್ ಬ್ಯಾಟ್ಸನ್ 1973ರಲ್ಲಿ ಪ್ರಕಟಿಸಿದ ಪ್ರಯೋಗ ನನ್ನ ಮಟ್ಟಿಗೆ ಇದಕ್ಕೆ ಅತ್ಯಂತ ಮುಖ್ಯವಾದ ಉತ್ತರ. ಪ್ರಿನ್ಸ್‌ಟನ್‌ನಲ್ಲಿ ಧರ್ಮಶಾಸ್ತ್ರ ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಪಕ್ಕದ ಕಟ್ಟಡಕ್ಕೆ ಹೋಗಿ ಮಾತಾಡಿ ಎಂದು ಕಳಿಸಿದರು. ಕೆಲವರ ವಿಷಯವಂತೂ ದಾರಿಬದಿ ಬಿದ್ದವನನ್ನು ಉಪಚರಿಸಿದ, ಬೈಬಲಿನ ಒಳ್ಳೆಯ ಸಮಾರ್ಯದವನ ಕಥೆಯೇ. ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕೂತು ಕೆಮ್ಮುತ್ತಿದ್ದ. ಸಾವಕಾಶವಾಗಿ ಹೊರಟವರಲ್ಲಿ ಶೇ. 63 ಮಂದಿ ಅವನಿಗೆ ನೆರವಾದರು. ಸ್ವಲ್ಪ ಅವಸರ ಇದ್ದವರಲ್ಲಿ ಶೇ. 45, ‘ಆಗಲೇ ತಡವಾಗಿದೆ’ ಎಂದು ಹೇಳಿಸಿಕೊಂಡವರಲ್ಲಿ ಶೇ. 10. ಧಾರ್ಮಿಕತೆ ಅವರಿಗೆ ಏನು ಎಂಬ ಪ್ರಶ್ನೆಪತ್ರಿಕೆಗೆ ಅವರು ಕೊಟ್ಟ ಉತ್ತರಗಳಿಂದ ಯಾರು ನಿಲ್ಲುತ್ತಾರೆ ಎಂದು ಊಹಿಸಲು ಆಗಲಿಲ್ಲ. ಅವಸರದಲ್ಲಿ ಕಂಡದ್ದು ಅವರ ನಿಜಸ್ವಭಾವವಲ್ಲ, ಸಮಯದ ಒತ್ತಡ ಅಷ್ಟೆ ಎಂದು ಯಾರಾದರೂ ಆಕ್ಷೇಪಿಸಬಹುದು. ನಲವತ್ತು ಜನರ ಪ್ರಯೋಗ ಚಿಕ್ಕದು ಎಂಬುದೂ ಸರಿಯೇ. ಆದರೆ ವರ್ಷದ ಬಹುಪಾಲು ದಿನ ಒತ್ತಡದಲ್ಲೇ ಬದುಕುವವರಿಗೆ, ಒತ್ತಡ ಬಿದ್ದಾಗ ತಾವು ಏನಾಗುತ್ತೇವೆ ಎಂಬುದಕ್ಕಿಂತ ಬೇಕಾದ ತಿಳಿವಳಿಕೆ ಇನ್ನೇನಿದೆ? ಅಂಥವರ ಹೆಂಡತಿ, ಮಕ್ಕಳು, ಸಹೋದ್ಯೋಗಿಗಳು ದಿನವೂ ಎದುರಿಸುವುದು ಆ ಮನುಷ್ಯನನ್ನೇ. ಹತ್ತು ದಿನದ ಏಕಾಂತದಲ್ಲಿ ಅವನು ಸಿಗುವುದೇ ಇಲ್ಲ.

ಅವಸರ ಗಮನವನ್ನೂ ಕಿರಿದು ಮಾಡುತ್ತದೆ, ಆದ್ದರಿಂದ ಆ ಕ್ಷಣದಲ್ಲೇ ನಮ್ಮನ್ನು ಗಮನಿಸುವುದು ಕಷ್ಟ. ದಿನ ಮುಗಿದ ಮೇಲೆ ಸ್ವಲ್ಪ ಹೊತ್ತು ಬೇಕು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಇಗೋರ್ ಗ್ರಾಸ್‌ಮನ್ ತಂಡ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನ ನಾಲ್ಕು ವಾರ ದಿನಚರಿ ಬರೆದರು; ಕೆಲವರು ‘ನಾನು’ ಎಂದು, ಕೆಲವರು ತಮ್ಮನ್ನೇ ಬೇರೊಬ್ಬರಂತೆ ಕಂಡು. ‘ಇವತ್ತು ಆಕೆ ಮಗನ ಮೇಲೆ ರೇಗಿದಳು’ ಎಂಬ ಧಾಟಿಯಲ್ಲಿ ಬರೆದವರು, ತಮ್ಮ ತಿಳಿವಳಿಕೆಗೆ ಮಿತಿಯಿದೆ ಎಂದು ಒಪ್ಪುವುದರಲ್ಲಿ, ಎದುರಿನವರ ದೃಷ್ಟಿಯಿಂದ ನೋಡುವುದರಲ್ಲಿ ಮುಂದೆ ಹೋದರು. ಬೆಂಗಳೂರಿನ ವಿಪ್ರೋದಲ್ಲಿ ತರಬೇತಿಯಲ್ಲಿದ್ದ ನೌಕರರು ದಿನದ ಕೊನೆಯ ಹದಿನೈದು ನಿಮಿಷ ಅಂದು ಕಲಿತದ್ದನ್ನು ಬರೆದಾಗ, ಬರೆಯದೆ ಕೆಲಸ ಮುಂದುವರಿಸಿದವರಿಗಿಂತ ಪರೀಕ್ಷೆಯಲ್ಲಿ ಸುಮಾರು ಶೇ. 23ರಷ್ಟು ಚೆನ್ನಾಗಿ ಮಾಡಿದರು ಎಂದು 2014ರ ಒಂದು ಪ್ರಬಂಧ ಹೇಳುತ್ತದೆ. ಅದರ ಲೇಖಕರಲ್ಲಿ ಒಬ್ಬರ ಬೇರೆ ಸಂಶೋಧನೆಗಳ ಮೇಲೆ ದತ್ತಾಂಶ ತಿರುಚಿದ ಗಂಭೀರ ಆರೋಪ ಬಂದಿರುವುದರಿಂದ, ಆ ಅಂಕಿಯ ಮೇಲೆ ನಾನು ಹೆಚ್ಚು ಭಾರ ಹೇರುವುದಿಲ್ಲ.

ತಿಳಿದುಕೊಂಡರೆ ಬದಲಾಗುತ್ತೇವೆಯೇ? ಅಷ್ಟರಿಂದಲೇ ಇಲ್ಲ. ನೇಥನ್ ಹಡ್ಸನ್ ಮತ್ತು ಸಂಗಡಿಗರ 2019ರ ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಾವು ಬೆಳೆಸಿಕೊಳ್ಳಬೇಕಾದ ಗುಣವನ್ನು ಆರಿಸಿ, ವಾರವಾರವೂ ಅದಕ್ಕೆ ತಕ್ಕ ಪುಟ್ಟ ಕೆಲಸಗಳನ್ನು ಒಪ್ಪಿಕೊಂಡರು. ಹದಿನೈದು ವಾರಗಳಲ್ಲಿ, ಮಾಡಿ ಮುಗಿಸಿದವರ ಸ್ವಭಾವ ಬಯಸಿದ ಕಡೆಗೆ ಸರಿಯಿತು. ಒಪ್ಪಿ ಮಾಡದೆ ಬಿಟ್ಟವರದು ಕೆಲವು ಗುಣಗಳಲ್ಲಿ ಹಿಂದಕ್ಕೇ ಹೋಯಿತು. ಅಂಥ ಪುಟ್ಟ ಕೆಲಸಗಳಿಗೆ ಜಾಗ ಇರುವುದೂ ಆಫೀಸು, ಅಂಗಡಿ, ಅಡುಗೆಮನೆಗಳಲ್ಲೇ. ಲಂಡನ್ನಿನ ಫಿಲಿಪಾ ಲ್ಯಾಲಿ 96 ಜನರ ಮೇಲೆ ನಡೆಸಿದ ಅಧ್ಯಯನದ ಪ್ರಕಾರ ಹೊಸ ಅಭ್ಯಾಸ ಮೈಗೂಡಲು 18ರಿಂದ 254 ದಿನ ಬೇಕಾಗಬಹುದು, ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡುವುದಿಲ್ಲ.

ನನ್ನನ್ನು ನಿಜಕ್ಕೂ ತಡೆದು ನಿಲ್ಲಿಸುವ ಆಕ್ಷೇಪ ಒಂದೇ: ದಿನದ ಕೊನೆಗೆ ಬರೆಯಲು ಬೇಕಾದ ಆ ಕಾಲು ಗಂಟೆಯೂ ಎಲ್ಲರಿಗೆ ಇಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಭಾರತದ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು; ಆ ಕೆಲಸಕ್ಕೆ ಕೈಹಾಕುತ್ತಿದ್ದ ಗಂಡಸರು 97 ನಿಮಿಷ, ಕೈಹಾಕುತ್ತಿದ್ದವರೇ ನಾಲ್ವರಲ್ಲಿ ಒಬ್ಬರು. ಡೈರಿ ಬರೆ ಎಂದು ಅಂಥ ಮಹಿಳೆಗೆ ಹೇಳುವುದು ಇನ್ನೊಂದು ಕೆಲಸ ಹೊರಿಸಿದಂತೆ. ಮೊದಲು ಯಾರಾದರೂ ಎದ್ದು ಪಾತ್ರೆ ತೊಳೆಯಬೇಕು. ಆ ಮನೆಯ ಗಂಡಸು ತನ್ನ ದಿನಚರಿ ಬರೆಯಲು ಕೂತರೆ, ಅವನ ಬಗ್ಗೆ ಸಿಗುವ ಮೊದಲ ಪುರಾವೆಯೂ ರಾತ್ರಿ ಊಟದ ನಂತರ ಅವನು ಎಲ್ಲಿ ಕೂತಿದ್ದ ಎಂಬುದೇ.