ದೇವರ ಹೆಸರಿಗೆ ಬರೆದ ಉದ್ರಿ

2011ರ ಜನಗಣತಿಯಲ್ಲಿ ಧರ್ಮದ ಕಾಲಂನಲ್ಲಿ ‘ನಾಸ್ತಿಕ’ ಎಂದು ಬರೆಸಿದವರು ಇಡೀ ದೇಶದಲ್ಲಿ 33,304 ಮಂದಿ. ದೇಶದ ಜನಸಂಖ್ಯೆ 121 ಕೋಟಿ. ಭಾಗಿಸಿದರೆ 36 ಸಾವಿರಕ್ಕೆ ಒಬ್ಬರು. ಈ ಲೆಕ್ಕವನ್ನು ಕೃಷ್ಣಾ-ಘಟಪ್ರಭಾ ಸೀಮೆಗೆ ಹಚ್ಚಿ ನೋಡೋಣ. ಅದೇ ಜನಗಣತಿಯಂತೆ ರಬಕವಿ-ಬನಹಟ್ಟಿಯಲ್ಲಿ 77 ಸಾವಿರ, ಜಮಖಂಡಿಯಲ್ಲಿ 69 ಸಾವಿರ, ಮುಧೋಳದಲ್ಲಿ 52 ಸಾವಿರ, ಬೀಳಗಿಯಲ್ಲಿ 18 ಸಾವಿರದ ಹತ್ತಿರ ಜನ. ಒಟ್ಟು 2 ಲಕ್ಷ 16 ಸಾವಿರ. ನಾಸ್ತಿಕರ ಪಾಲು ಆರು. ನಾಲ್ಕೂ ಊರಿನ ದೇವರಿಲ್ಲದವರೆಲ್ಲ ಒಂದೇ ಟಂಟಂ ಹತ್ತಿ ಕೂತರೂ ಇನ್ನೂ ಸೀಟು ಖಾಲಿ ಐತ್ರಿ ಎಂದು ಡ್ರೈವರ್ ಕೂಗುತ್ತಲೇ ಇರುತ್ತಾನೆ.

ಜನಗಣತಿಯ ಕಾಲಂ ತುಂಬುವುದು ಸಾಮಾನ್ಯವಾಗಿ ಮನೆಯ ಹಿರಿಯರು ಹೇಳಿದಂತೆ. ಮನಸ್ಸಿನೊಳಗೆ ದೇವರನ್ನು ಬಿಟ್ಟವರೂ ಅಲ್ಲಿ ಹಿಂದೂ, ಮುಸ್ಲಿಂ, ಜೈನರಾಗಿಯೇ ಇರುತ್ತಾರೆ. ಆದರೆ 2021ರಲ್ಲಿ ಅಮೆರಿಕದ ಪ್ಯೂ ಸಂಸ್ಥೆ ಸುಮಾರು 30 ಸಾವಿರ ಭಾರತೀಯರನ್ನು ಮಾತಾಡಿಸಿ ಪ್ರಕಟಿಸಿದ ವರದಿಯೂ ಬೇರೆ ಕಥೆ ಹೇಳಲಿಲ್ಲ. ದೇವರನ್ನು ನಂಬುತ್ತೇವೆ ಎಂದವರು ನೂರಕ್ಕೆ 97.

ಕಷ್ಟ ನೋಡಿ ದೇವರ ಮೇಲಿನ ನಂಬಿಕೆ ಹೋಗುತ್ತದೆ ಎಂಬುದು ಲೋಕದಲ್ಲಿ ಒಪ್ಪಿತವಾದ ಮಾತು. ಅದು ನಿಜವಾಗಿದ್ದರೆ ಈ ಸೀಮೆಯಲ್ಲಿ ಒಂದು ಗುಡಿಯೂ ಉಳಿಯಬಾರದಿತ್ತು.

ದಖ್ಖನ್ ನೆನಪಿಟ್ಟುಕೊಂಡಿರುವ ಬರಗಳಲ್ಲಿ ತೀರ ಹಳೆಯದು 1396ರಿಂದ 1407ರವರೆಗೆ, ಹನ್ನೆರಡು ವರ್ಷ ನಡೆಯಿತೆಂದು ಹೇಳುವ ಬರ. ಅದಕ್ಕೆ ಜನ ಇಟ್ಟ ಹೆಸರು ದುರ್ಗಾದೇವಿ ಬರ. 1791ರ ಬರಕ್ಕೆ ಡೋಗಿ ಬರ ಎಂದರು, ಹೂಳುವವರಿಲ್ಲದೆ ಬಿದ್ದ ತಲೆಬುರುಡೆಗಳ ಬರ. ಇವೆರಡರ ಸಾವಿನ ಲೆಕ್ಕ ಯಾರೂ ಇಟ್ಟಿಲ್ಲ. ಲೆಕ್ಕ ಸಿಗುವುದು 1876ರ ಬರದಿಂದ.

ಆಗ ಬಾಗಲಕೋಟೆ, ಬೀಳಗಿಗಳು ಬ್ರಿಟಿಷರ ಕಲಾದಗಿ ಜಿಲ್ಲೆಯಲ್ಲಿದ್ದವು. ಇಂದಿನ ವಿಜಯಪುರವೂ ಅದರೊಳಗೇ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ಬನಹಟ್ಟಿ ಜಮಖಂಡಿಗೆ ಸೇರಿದ್ದರೆ ಪಕ್ಕದ ರಬಕವಿ ಸಾಂಗ್ಲಿಗೆ! ಇಂದು ಒಂದೇ ನಗರಸಭೆಯಾಗಿರುವ ಊರಿಗೆ ಅಂದು ಇಬ್ಬರು ದೊರೆಗಳು. ಮಳೆ ಮಾತ್ರ ನಾಲ್ವರು ದೊರೆಗಳಿಗೂ ಒಟ್ಟಿಗೇ ಕೈಕೊಟ್ಟಿತು.

1872ರ ಜನಗಣತಿಯಲ್ಲಿ ಕಲಾದಗಿ ಜಿಲ್ಲೆಯ ಜನಸಂಖ್ಯೆ 8 ಲಕ್ಷ ದಾಟಿತ್ತು. 1881ರ ಹೊತ್ತಿಗೆ ಆರೂವರೆ ಲಕ್ಷಕ್ಕೂ ಕೆಳಗೆ ಇಳಿಯಿತು. ಕಡಿಮೆಯಾದವರು ಸುಮಾರು 1 ಲಕ್ಷ 78 ಸಾವಿರ. ಐದು ಜನರಲ್ಲಿ ಒಬ್ಬರಿಗಿಂತ ಹೆಚ್ಚು. ಎಲ್ಲರೂ ಸತ್ತವರಲ್ಲ, ಗಂಟು ಕಟ್ಟಿಕೊಂಡು ಊರು ಬಿಟ್ಟು ಮರಳದವರೂ ಇದರಲ್ಲಿ ಸೇರಿದ್ದಾರೆ. ಆದರೂ ಆ ಸಂಖ್ಯೆಯ ಗಾತ್ರ ನೋಡಿ: 1881ರಲ್ಲಿ ಇಡೀ ಜಮಖಂಡಿ ಸಂಸ್ಥಾನದ ಜನಸಂಖ್ಯೆಯೇ ಸುಮಾರು 84 ಸಾವಿರ. ಅಂಥ ಎರಡು ಸಂಸ್ಥಾನ ಖಾಲಿಯಾದಂತೆ. 2011ರ ಲೆಕ್ಕದಲ್ಲಾದರೆ ಜಮಖಂಡಿ, ರಬಕವಿ-ಬನಹಟ್ಟಿಯ ಎಲ್ಲ ಮನೆಗಳಿಗೂ ಬೀಗ ಬಿದ್ದು, ಮುಧೋಳದ ಅರ್ಧಕ್ಕಿಂತ ಹೆಚ್ಚು ಜನ ಇಲ್ಲವಾಗಬೇಕು.

ಇದನ್ನು ಇನ್ನೊಂದು ಸಂಖ್ಯೆಯ ಪಕ್ಕ ಇಡಬೇಕು. 1755ರ ನವೆಂಬರ್ 1, ಎಲ್ಲ ಸಂತರ ಹಬ್ಬದ ದಿನ ಬೆಳಿಗ್ಗೆ, ಜನರೆಲ್ಲ ಚರ್ಚುಗಳಲ್ಲಿ ಸೇರಿದ್ದಾಗ ಪೋರ್ಚುಗಲ್ಲಿನ ಲಿಸ್ಬನ್ ನಗರ ಭೂಕಂಪಕ್ಕೆ ಕುಸಿಯಿತು. ಹಿಂದೆಯೇ ಬೆಂಕಿ, ಸಮುದ್ರದ ಅಲೆ. ಸತ್ತವರು 30ರಿಂದ 50 ಸಾವಿರ ಎಂಬುದು ಸಾಮಾನ್ಯ ಅಂದಾಜು. ಫ್ರೆಂಚ್ ಲೇಖಕ ವಾಲ್ಟೇರ್ ಅದರ ಮೇಲೆ ಕಾವ್ಯ ಬರೆದ, ನಾಲ್ಕು ವರ್ಷದ ಮೇಲೆ ‘ಕ್ಯಾಂಡಿಡ್’ ಕಾದಂಬರಿ ಬರೆದ. ಕರುಣಾಮಯನೂ ಸರ್ವಶಕ್ತನೂ ಆದ ದೇವರು ಇದನ್ನು ಹೇಗೆ ಸಹಿಸಿದ ಎಂಬ ಪ್ರಶ್ನೆ ಯುರೋಪಿನ ತಲೆ ಹೊಕ್ಕಿದ್ದು ಮತ್ತೆ ಹೊರಬೀಳಲಿಲ್ಲ. ಕಲಾದಗಿ ಜಿಲ್ಲೆಯೊಂದೇ ಕನಿಷ್ಠ ಮೂರು ಲಿಸ್ಬನ್ನುಗಳಷ್ಟು ಜನರನ್ನು ಕಳೆದುಕೊಂಡಿತು. ಅದರಿಂದ ದೇವರನ್ನು ಕಟಕಟೆಗೆ ನಿಲ್ಲಿಸುವ ಒಂದು ಕಾವ್ಯ ಹುಟ್ಟಿ ನಮ್ಮವರೆಗೆ ಬಂದಿಲ್ಲ. ಕನ್ನಡದಲ್ಲಿ ಆ ಪ್ರಶ್ನೆಯನ್ನು ನೇರವಾಗಿ ಎತ್ತಿದ ಎ.ಎನ್. ಮೂರ್ತಿರಾಯರ ‘ದೇವರು’ ಪ್ರಕಟವಾಗಲು 1991 ಬರಬೇಕಾಯಿತು, ಅದೂ ಹಳೆ ಮೈಸೂರಿನಿಂದ.

ಏಕೆ? ಬರಕ್ಕೆ ಸಿಕ್ಕವರಿಗೆ ಓದು ಬರುತ್ತಿರಲಿಲ್ಲ ಎನ್ನುವ ಉತ್ತರ ಸುಲಭದ್ದು, ಅರ್ಧ ಸತ್ಯದ್ದು. ನನಗನಿಸುವುದು, ನಷ್ಟವನ್ನು ಯಾರ ಖಾತೆಗೆ ಬರೆಯಬೇಕು ಎಂಬುದು ಇಲ್ಲಿ ಮೊದಲೇ ತೀರ್ಮಾನವಾಗಿತ್ತು. ‘ಹಣ್ಯಾಗ ಬರದಿದ್ದು’ ಎಂದು ಒಂದು ಮಾತು ಹೇಳಿದರೆ ಸಾಕು, ಸಾಲ ಮಾಡಿದವನೂ ನೀನೇ, ತೀರಿಸಬೇಕಾದವನೂ ನೀನೇ. ಹಿಂದಿನ ಜನ್ಮದ್ದು. ದೇವರು ಬರೀ ಗುಮಾಸ್ತ. (ಮುಧೋಳದವನೇ ಆದ ರನ್ನನ ಜೈನ ಧರ್ಮದಲ್ಲಂತೂ ಜಗತ್ತನ್ನು ಸೃಷ್ಟಿಸಿದ ದೇವರೇ ಇಲ್ಲ, 949ರಲ್ಲಿ ಹುಟ್ಟಿದ ಕವಿಗೆ ಈ ತಕರಾರು ಏಳುವ ಪ್ರಮೇಯವೇ ಇರಲಿಲ್ಲ. ಕರ್ಮದ ಲೆಕ್ಕ ಮಾತ್ರ ಅಲ್ಲಿಯೂ ಕಟ್ಟುನಿಟ್ಟು.)

ಹಣೆಬರಹಕ್ಕೆ ಬರೆದ ಆ ನಷ್ಟದಲ್ಲಿ ಮನುಷ್ಯರ ಪಾಲು ಎಷ್ಟಿತ್ತು ನೋಡಿ. 1877ರ ಜನವರಿ 1ರಂದು ವಿಕ್ಟೋರಿಯಾಳನ್ನು ಭಾರತದ ಚಕ್ರವರ್ತಿನಿ ಎಂದು ಘೋಷಿಸಲು ವೈಸರಾಯ್ ಲಿಟ್ಟನ್ ದಿಲ್ಲಿಯಲ್ಲಿ ದರ್ಬಾರು ಮಾಡಿದ. ಅಲ್ಲಿ ಸೇರಿದ್ದ 68 ಸಾವಿರ ಜನರಿಗೆ ಒಂದು ವಾರ ಊಟೋಪಚಾರ ನಡೆಯಿತೆಂದು ಇತಿಹಾಸಕಾರರು ಬರೆಯುತ್ತಾರೆ. ಅದೇ ತಿಂಗಳು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬರಪರಿಹಾರದ ಕೂಲಿ ಇಳಿಸಿದ. ದಿನವಿಡೀ ಕಲ್ಲು ಒಡೆದು ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಪುಡಿಗಾಸು. ಒಂದು ಪೌಂಡ್ ಎಂದರೆ 450 ಗ್ರಾಂ. ಜೋಳವಾದರೆ ಬೀಸಿ, ನಾದಿ, ಬಡಿದಾಗ ಸಿಗುವುದು ನಾಲ್ಕೈದು ರೊಟ್ಟಿ. ಕಟಾವಿನ ದಿನ ಈ ಕಡೆಯ ಆಳು ಹೊಲದ ಬದುವಿನ ಮೇಲೆ ಕೂತು ಒಂದೇ ಹೊತ್ತಿಗೆ ಮುಗಿಸುವಷ್ಟು.

1877-78ರಲ್ಲಿ ಭಾರತದಿಂದ ಹಡಗು ಹತ್ತಿದ ಗೋಧಿ 3 ಲಕ್ಷ 20 ಸಾವಿರ ಟನ್. ಅದೇ ಬಿಗಿ ಅಳತೆಯಲ್ಲಿ, ದಿನಕ್ಕೆ 450 ಗ್ರಾಂನಂತೆ ಹಂಚಿದರೂ ಸುಮಾರು 20 ಲಕ್ಷ ಜನರಿಗೆ ಇಡೀ ಒಂದು ವರ್ಷ ಸಾಲುತ್ತಿತ್ತು. ಬರಕ್ಕೆ ಮುಂಚಿನ ಕಲಾದಗಿಯಂಥ ಎರಡಕ್ಕೂ ಹೆಚ್ಚು ಜಿಲ್ಲೆಗಳಿಗೆ. ಬೀಳಗಿಯ ಹೊಲದಲ್ಲಿ ಕೂತವನಿಗೆ ದಿಲ್ಲಿಯ ಪಂಕ್ತಿಯಾಗಲಿ ಬಂದರಿನ ಮೂಟೆಗಳಾಗಲಿ ಕಾಣುವಂತಿರಲಿಲ್ಲ. ಕಾಣುತ್ತಿದ್ದದ್ದು ಮೋಡವಿಲ್ಲದ ಆಕಾಶ ಒಂದೇ.

ಆಕಾಶದ ಕಡೆ ಮುಖ ಮಾಡಿ ಕೈಮುಗಿದರು ಎಂದಷ್ಟೇ ಬರೆದರೆ ಈ ಕಡೆಯ ಜನರಿಗೆ ಅನ್ಯಾಯ. ಅವರು ಬೈದರು, ಈಗಲೂ ಬೈಯುತ್ತಾರೆ. ‘ಕಣ್ಣ ಮುಚ್ಕೊಂಡ ಕುಂತಿಯೇನೋ ನಮ್ಮಪ್ಪಾ, ನಿನಗ ದೀಪಾ ಹಚ್ಚಿದ್ದ ತಪ್ಪಾತು’ ಎಂದು ಗುಡಿಯ ಕಟ್ಟೆ ಮೇಲೆ ನಿಂತು ಕೇಳುವ ಮುದುಕಿಯನ್ನು ಪೂಜಾರಿಯೂ ತಡೆಯುವುದಿಲ್ಲ. ಮಳೆ ಕೈಕೊಟ್ಟ ವರ್ಷ ಹಳ್ಳಿಗಳಲ್ಲಿ ಮಳೆ ಬೇಡಿ ಗುರ್ಜಿ ಹೊತ್ತು ಮನೆಮನೆ ತಿರುಗುವುದು ಗೊತ್ತಿರುವ ವಿಷಯ. ಅದಕ್ಕೂ ಬಗ್ಗದಿದ್ದರೆ ಜಲದಿಗ್ಬಂಧನ: ಈಶ್ವರನ ಗರ್ಭಗುಡಿಯ ಹೊಸ್ತಿಲಿಗೆ ಒಡ್ಡು ಕಟ್ಟಿ, ನೀರು ತುಂಬಿಸಿ, ಲಿಂಗ ಮುಳುಗಿಸಿ ಬಾಗಿಲು ಹಾಕುವುದು. ಉಸಿರುಗಟ್ಟಿದರೆ ಮಳೆ ಕಳಿಸುತ್ತಾನೆ! ಇದರ ಲೆಕ್ಕವನ್ನೂ ಹಾಕಿ ನೋಡಿದೆ. ಎಂಟಡಿ ಚೌಕದ ಸಣ್ಣ ಗರ್ಭಗುಡಿಯಲ್ಲಿ ಎರಡಡಿ ನೀರು ನಿಲ್ಲಬೇಕೆಂದರೆ 3,600 ಲೀಟರ್ ಬೇಕು. ಹದಿನೈದು ಲೀಟರಿನ ಕೊಡದಲ್ಲಿ 240 ಕೊಡ. ಕುಡಿಯುವ ನೀರಿಗೇ ಸರದಿ ಹಚ್ಚಿದ ವರ್ಷ, ದೇವರನ್ನು ಮಣಿಸಲು 240 ಕೊಡ.

ಇಷ್ಟು ನೀರು ಸುರಿಯುವವರು ನಂಬಿಕೆ ಕಳೆದುಕೊಂಡವರಲ್ಲ. ವಾಲ್ಟೇರ್ ಪ್ರಶ್ನಿಸಿದ ದೇವರು ಎಲ್ಲವನ್ನೂ ಬಲ್ಲವನು, ಎಲ್ಲವನ್ನೂ ಮಾಡಬಲ್ಲವನು. ಆದ್ದರಿಂದ ಒಂದು ತಪ್ಪು ಸಾಕು, ಅವನನ್ನು ತೆಗೆದುಹಾಕಲು. ನಮ್ಮ ಊರದೇವರು ಮರೆಯುತ್ತಾನೆ, ಸಿಟ್ಟಾಗುತ್ತಾನೆ, ಮೈಗಳ್ಳನೂ ಹೌದು. ಅವನಿಂದ ಕೆಲಸ ತೆಗೆಯಬೇಕು. ಒಬ್ಬನಿಂದಾಗದಿದ್ದರೆ ಇನ್ನೊಬ್ಬನ ಗುಡಿಗೆ ಕಾಯಿ.

ನಷ್ಟ ಮಾಡಿದವನು ಕಣ್ಣಿಗೆ ಕಂಡಾಗ ಮಾತ್ರ ಈ ಸೀಮೆಯವರು ದೇವರನ್ನು ಹಾಗೇ ಬಿಟ್ಟು ನೇರ ಅವನ ಮನೆಗೆ ಹೋಗುತ್ತಾರೆ. ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಹೆಚ್ಚುವರಿ ಐದು ಮೀಟರ್ ಕೂಡ ಇಲ್ಲ. ಮುಳುಗುವ ಭೂಮಿ 75 ಸಾವಿರ ಎಕರೆಗೂ ಹೆಚ್ಚು. ಬೀಳಗಿ, ಜಮಖಂಡಿ ಕಡೆಯ ರೈತ ಇದನ್ನು ಹಣೆಬರಹ ಎಂದು ಸುಮ್ಮನೆ ಕೂರಲಿಲ್ಲ. ಎಕರೆಗೆ ಎಷ್ಟು ಎಂದು ವರ್ಷಗಟ್ಟಲೆ ಧರಣಿ ಕೂತ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ನೀರಾವರಿ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಎಂದು ನಿಗದಿ ಮಾಡಿತು. ಹೊಳೆ ನುಂಗಿದ ಗುಡಿಗಳಿಗೂ ಪರಿಹಾರ ಕೇಳಿದ್ದು ಸರ್ಕಾರವನ್ನೇ.

ಹಾಗಾದರೆ ಕಷ್ಟ ಕೊಟ್ಟವರು ದೇವರ ಹೆಸರನ್ನೇ ಮುಂದೆ ಮಾಡಿದಾಗ? ನಾಲ್ಕು ಊರುಗಳ ಹಿಂದುಳಿದ ಓಣಿಗಳಿಗೆ, ಅದರಲ್ಲೂ ದಲಿತ ಕೇರಿಗಳಿಗೆ ಈ ಪ್ರಶ್ನೆ ಹೊಸದಲ್ಲ. ಮನೆಯಲ್ಲಿ ಗಂಡುಮಗುವಿಲ್ಲ, ಯಾರಿಗೋ ವಾಸಿಯಾಗದ ಬೇನೆ, ಇಲ್ಲವೇ ಹುಡುಗಿಯ ತಲೆಯಲ್ಲಿ ಎಣ್ಣೆ-ನೀರು ಕಾಣದೆ ಗಂಟುಬಿದ್ದ ಜಡೆ. ‘ಎಲ್ಲಮ್ಮ ಕೇಳಾಕತ್ತಾಳ’ ಎಂದು ಯಾರೋ ಹೇಳುತ್ತಾರೆ. ಕೆಂಪು-ಬಿಳಿ ಮಣಿಯ ಸರ ಕೊರಳಿಗೆ ಬೀಳುತ್ತದೆ. ಮುತ್ತು ಕಟ್ಟುವುದು ಎಂದರೆ ಇಷ್ಟೇ, ಅಂಗೈಯಲ್ಲಿ ಮುಚ್ಚಿ ಹಿಡಿಯಬಹುದಾದಷ್ಟು ಮಣಿ. ಅದು ಬಿದ್ದ ಮೇಲೆ ಮದುವೆಯಿಲ್ಲ, ಹುಟ್ಟಿದ ಮಕ್ಕಳಿಗೆ ತಂದೆಯ ಹೆಸರಿಲ್ಲ.

1982ರಲ್ಲಿ ಕರ್ನಾಟಕ ಈ ದೇವದಾಸಿ ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಿತು. 1993-94ರ ಸಮೀಕ್ಷೆ 22,873 ದೇವದಾಸಿಯರನ್ನು ಗುರುತಿಸಿತು. 2007-08ರದ್ದು ಇನ್ನೂ 23,787 ಮಂದಿಯನ್ನು. ಒಟ್ಟು 46,660, ಬಹುಪಾಲು ಉತ್ತರ ಕರ್ನಾಟಕದವರು, ಬಾಗಲಕೋಟೆ ಜಿಲ್ಲೆಯ ಪಾಲು ದೊಡ್ಡದು. ಇಡೀ ದೇಶದಲ್ಲಿ ದೇವರಿಲ್ಲ ಎಂದು ಬರೆಸಿದವರಿಗಿಂತ ನಮ್ಮ ಒಂದು ರಾಜ್ಯದಲ್ಲಿ ದೇವರಿಗೆ ಬಿಟ್ಟ ಹೆಣ್ಣುಮಕ್ಕಳ ಸಂಖ್ಯೆ 13 ಸಾವಿರ ಹೆಚ್ಚು. ಈ ಎರಡು ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡ ಮೇಲೆ ನನಗೆ ಬೇರೆ ಅಂಕಿಗಳೆಲ್ಲ ಸಣ್ಣವಾಗಿ ಕಂಡವು.

ಆಮೇಲೆ ಬಂದದ್ದು ಎಚ್‌ಐವಿ. ಕರ್ನಾಟಕದ 1,588 ಲೈಂಗಿಕ ಕಾರ್ಯಕರ್ತೆಯರನ್ನು ಮಾತಾಡಿಸಿದ, 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 414 ಮಂದಿ ದೇವದಾಸಿ ಪದ್ಧತಿಯ ಮೂಲಕ ಬಂದವರು. ಉಳಿದವರು ಆ ಬದುಕಿಗೆ ಬಂದಾಗಿನ ಸರಾಸರಿ ವಯಸ್ಸು 21.8, ಇವರದ್ದು 15.7. ಹೈಸ್ಕೂಲು ಮುಗಿಸುವ ವಯಸ್ಸು. 2003ರ ಸುಮಾರಿಗೆ ಬಾಗಲಕೋಟೆ ಜಿಲ್ಲೆಯಲ್ಲಿ ಸಾಮಾನ್ಯ ಜನರ ರಕ್ತಪರೀಕ್ಷೆ ನಡೆದಾಗ ನೂರು ವಯಸ್ಕರಲ್ಲಿ 2.9 ಮಂದಿಗೆ ಸೋಂಕಿತ್ತು. 2006ರ ದೇಶದ ಸರಾಸರಿ ಅಂದಾಜು 0.36. ಎಂಟು ಪಟ್ಟು. 2004ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಎಆರ್‌ಟಿ ಗುಳಿಗೆ ಪುಕ್ಕಟೆ ಸಿಗತೊಡಗಿತು, ಸಾವಿಗೆ ತಡೆ ಬಿತ್ತು.

ಇವರಾದರೂ ಎಲ್ಲಮ್ಮನನ್ನು ಬಿಟ್ಟರೇ? ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಹುಣ್ಣಿಮೆಯ ಜನಜಂಗುಳಿ ನೋಡಿದರೆ ಉತ್ತರ ಗೊತ್ತಾಗುತ್ತದೆ. ಆ ದೇವಿಯ ಕಥೆಯನ್ನೇ ನೋಡಿ. ಗಂಡ ಅನುಮಾನಪಟ್ಟ, ಮಗನ ಕೈಯಲ್ಲಿ ಕೊಡಲಿ ಕೊಟ್ಟ, ತಲೆ ಉರುಳಿತು. ವರ್ಷಕ್ಕೊಮ್ಮೆ ಹೊಸ್ತಿಲ ಹುಣ್ಣಿಮೆಗೆ ಅವಳು ವಿಧವೆಯಾಗುತ್ತಾಳೆ, ಬಳೆ ಒಡೆಯುತ್ತದೆ; ಭಾರತ ಹುಣ್ಣಿಮೆಗೆ ಮತ್ತೆ ಮುತ್ತೈದೆ. ಲಿಸ್ಬನ್ನಿನ ಪ್ರಶ್ನೆಯನ್ನು ಇವಳಿಗೆ ಕೇಳುವುದು ಹೇಗೆ? ‘ಆಕಿಗೇ ಹಿಂಗಾಗೇತಿ, ನಮ್ಮದೇನ್ ಹೇಳೂದು’ ಎನ್ನುವ ಹೆಂಗಸಿಗೆ ದೇವರು ಆರೋಪಿಯಾಗಿ ಕಾಣುವುದಿಲ್ಲ, ಅದೇ ಕೇಸಿನ ಇನ್ನೊಬ್ಬ ಫಿರ್ಯಾದಿಯಾಗಿ ಕಾಣುತ್ತಾಳೆ. ಇದರಲ್ಲಿ ಸಮಾಧಾನ ಇದೆ. ಸಮಾಧಾನದ ಜೊತೆಗೇ ಅಪಾಯವೂ ಇದೆ: ಇಬ್ಬರೂ ಫಿರ್ಯಾದಿಗಳಾದರೆ ಆರೋಪಿ ಆರಾಮಾಗಿ ಮನೆಗೆ ಹೋಗುತ್ತಾನೆ.

ಅದನ್ನು ತಡೆದವರು ಮುತ್ತು ಕಟ್ಟಿಸಿಕೊಂಡ ಹೆಂಗಸರೇ. ಏಳನೇ ವಯಸ್ಸಿನಲ್ಲಿ ಮುತ್ತು ಕಟ್ಟಿಸಿಕೊಂಡಿದ್ದ, ಪಕ್ಕದ ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿ ಅವರು ‘ಮಾಸ್’, ಅಂದರೆ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಮುನ್ನಡೆಸಿದರು. 1997ರಲ್ಲಿ ಹುಟ್ಟಿದ ಆ ಸಂಸ್ಥೆಯಲ್ಲಿ ಸಾವಿರಾರು ಮಾಜಿ ದೇವದಾಸಿಯರು ಸೇರಿದರು. 2018ರಲ್ಲಿ ಸೀತವ್ವನವರಿಗೆ ಪದ್ಮಶ್ರೀ ಬಂತು. ಈ ಹೆಂಗಸರು ಮಾಡಿದ್ದು ನಾಸ್ತಿಕ ಸಂಘ ಕಟ್ಟುವ ಕೆಲಸವಲ್ಲ. ಮುತ್ತು ಕಟ್ಟಿಸುವ ಮನೆಗೆ ಹೋಗಿ ತಡೆದರು, ಪೊಲೀಸರಿಗೆ ಹೇಳಿದರು, ಗಂಟುಬಿದ್ದ ಜಡೆ ಕತ್ತರಿಸಿದರು. ಜಡೆ ಕತ್ತರಿಸಿದರೆ ರಕ್ತ ಕಾರಿ ಸಾಯುತ್ತಾರೆ ಎಂದು ಹೆದರಿಸಿದ್ದರಲ್ಲ, ಯಾರೂ ಸಾಯಲಿಲ್ಲ. ತಲೆ ಹಗುರಾಯಿತು, ಹೇನಿನ ಕಾಟ ತಪ್ಪಿತು.

2025ರಲ್ಲಿ ರಾಜ್ಯದ ವಿಧಾನಮಂಡಲ 1982ರ ಕಾನೂನಿನ ಜಾಗಕ್ಕೆ ಹೊಸದನ್ನು ಒಪ್ಪಿತು. ದೇವದಾಸಿಯ ಮಗ ಅಥವಾ ಮಗಳು ತನ್ನ ತಂದೆ ಇಂಥವನೇ ಎಂದು ಗುರುತಿಸಿಕೊಡಿ ಎಂದು ಕೇಳಬಹುದು, ಅವನ ಆಸ್ತಿಯಲ್ಲಿ ಪಾಲೂ ಕೇಳಬಹುದು. ಇಷ್ಟು ವರ್ಷ ಎಲ್ಲಮ್ಮನ ಹೆಸರಿಗೆ ಬರೆದಿದ್ದ ಉದ್ರಿಯನ್ನು ಊರ ಗೌಡನದೋ ಸಾಹುಕಾರನದೋ ಹೆಸರಿಗೆ ಬದಲಿಸಿ ಬರೆಯಲು ಅರ್ಜಿ ಹಾಕಲು ಈಗ ದಾರಿ ಇದೆ. ಮೊದಲ ಅರ್ಜಿಗಳು ಬಂದಾಗ ಯಾವ ಯಾವ ಮನೆತನಗಳ ಹೆಸರು ಬರುತ್ತವೋ ನೋಡಬೇಕು.