ಟಜಾರಾ ರೈಲುಮಾರ್ಗ

ಟಜಾರಾ ರೈಲುಮಾರ್ಗವು ಆಫ್ರಿಕಾ ಖಂಡದ ಟಾಂಜಾನಿಯಾ ಮತ್ತು ಜಾಂಬಿಯಾ ದೇಶಗಳನ್ನು ಜೋಡಿಸುತ್ತದೆ. ಹಿಂದೂ ಮಹಾಸಾಗರದ ತೀರದಲ್ಲಿರುವ ದಾರ್ ಎಸ್ ಸಲಾಮ್ ಬಂದರಿನಿಂದ ಜಾಂಬಿಯಾದ ಕಪಿರಿ ಎಂಪೋಷಿ ಪಟ್ಟಣದವರೆಗೆ ಇದರ ಉದ್ದ ಸುಮಾರು 1,860 ಕಿ.ಮೀ. ಇದು ಎರಡೂ ದೇಶಗಳ ಜಂಟಿ ಒಡೆತನದಲ್ಲಿದೆ. ಇದನ್ನು 'ಉಹುರು ರೈಲ್ವೆ' ಎಂದೂ ಕರೆಯುತ್ತಾರೆ. ಸ್ವಾಹಿಲಿ ಭಾಷೆಯಲ್ಲಿ 'ಉಹುರು' ಎಂದರೆ ಸ್ವಾತಂತ್ರ್ಯ.

ಹಿನ್ನೆಲೆ

ಜಾಂಬಿಯಾ ದೇಶಕ್ಕೆ ಸಮುದ್ರ ತೀರವಿಲ್ಲ. 1964ರಲ್ಲಿ ಸ್ವತಂತ್ರವಾದಾಗ ತಾಮ್ರದ ರಫ್ತೇ ಅದರ ಆದಾಯದ ಮುಖ್ಯ ಮೂಲವಾಗಿತ್ತು. ಈ ತಾಮ್ರವು ಬಹುಮಟ್ಟಿಗೆ ಬಿಳಿಯ ಅಲ್ಪಸಂಖ್ಯಾತರ ಆಡಳಿತವಿದ್ದ ರೊಡೇಷಿಯಾ (ಇಂದಿನ ಜಿಂಬಾಬ್ವೆ) ಹಾಗೂ ಪೋರ್ಚುಗೀಸರ ವಶದಲ್ಲಿದ್ದ ಮೊಜಾಂಬಿಕ್ ಮೂಲಕ ಬಂದರನ್ನು ತಲುಪಬೇಕಿತ್ತು. 1965ರಲ್ಲಿ ರೊಡೇಷಿಯಾದ ಆಳುವ ವರ್ಗವು ಏಕಪಕ್ಷೀಯವಾಗಿ ಸ್ವಾತಂತ್ರ್ಯ ಘೋಷಿಸಿಕೊಂಡಿತು. ಅದನ್ನು ವಿರೋಧಿಸಿದ ಜಾಂಬಿಯಾ ತನ್ನ ವ್ಯಾಪಾರಕ್ಕೆ ಮಾತ್ರ ಅದೇ ನೆಲವನ್ನು ಅವಲಂಬಿಸಬೇಕಾದ ಇಕ್ಕಟ್ಟಿಗೆ ಸಿಲುಕಿತು. ಆದ್ದರಿಂದ ಅಧ್ಯಕ್ಷ ಕೆನೆತ್ ಕೌಂಡಾ ಮತ್ತು ಟಾಂಜಾನಿಯಾದ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಪೂರ್ವದ ಬಂದರಿಗೆ ಹೊಸ ಮಾರ್ಗವನ್ನು ಬಯಸಿದರು. ಯೋಜನೆ ಲಾಭದಾಯಕವಲ್ಲವೆಂದು ವಿಶ್ವಬ್ಯಾಂಕ್ ಹಣ ನೀಡಲು ಒಪ್ಪಲಿಲ್ಲ. ಪಾಶ್ಚಾತ್ಯ ರಾಷ್ಟ್ರಗಳೂ ಮುಂದೆ ಬರಲಿಲ್ಲ.

ನಿರ್ಮಾಣ

ಆಗ ತಾನೂ ಬಡರಾಷ್ಟ್ರವಾಗಿದ್ದ ಚೀನಾ ನೆರವಿಗೆ ಬಂದಿತು. 1967ರಲ್ಲಿ ಬೀಜಿಂಗ್‌ನಲ್ಲಿ ಮೂರೂ ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. ಚೀನಾ ಬಡ್ಡಿರಹಿತ ಸಾಲ ನೀಡಿತು. ಸ್ಥಳೀಯ ವೆಚ್ಚಕ್ಕೆ ನಗದಿನ ಬದಲು ಚೀನೀ ಸರಕುಗಳು ಬಂದವು. ಅವುಗಳ ಮಾರಾಟದಿಂದ ದೊರೆತ ಹಣವನ್ನು ಕಾಮಗಾರಿಗೆ ಬಳಸಲಾಯಿತು. 1970ರ ಅಕ್ಟೋಬರ್‌ನಲ್ಲಿ ಆರಂಭವಾದ ಹಳಿ ಜೋಡಣೆ 1975ರಲ್ಲಿ ಮುಗಿಯಿತು. 1976ರ ಜುಲೈನಲ್ಲಿ ಮಾರ್ಗವನ್ನು ಉಭಯ ದೇಶಗಳಿಗೆ ಹಸ್ತಾಂತರಿಸಲಾಯಿತು. ಟಾಂಜಾನಿಯಾದ ಮ್ಲಿಂಬಾ ಮತ್ತು ಮಕಾಂಬಾಕೊ ನಡುವಿನ ಗುಡ್ಡಗಾಡು ಭಾಗವು ಸುರಂಗ, ಸೇತುವೆಗಳಿಂದ ತುಂಬಿದ್ದು, ಅತ್ಯಂತ ಕಠಿಣವಾಗಿತ್ತು. ಅಪಘಾತ ಹಾಗೂ ರೋಗಗಳಿಂದ ಅನೇಕ ಕಾರ್ಮಿಕರು ಪ್ರಾಣ ಕಳೆದುಕೊಂಡರು.

ಹಳಿಗಳ ಅಗಲ

ಈ ಮಾರ್ಗದ ಹಳಿಗಳ ನಡುವಿನ ಅಂತರ 1,067 ಮಿ.ಮೀ. ಜಾಂಬಿಯಾ ಮತ್ತು ದಕ್ಷಿಣ ಆಫ್ರಿಕಾದ ರೈಲುಗಳ ಅಳತೆಯೂ ಇದೇ ಆದುದರಿಂದ ಬೋಗಿಗಳು ಆ ಕಡೆ ನೇರವಾಗಿ ಸಾಗಬಲ್ಲವು. ಟಾಂಜಾನಿಯಾದ ಹಳೆಯ ಮಾರ್ಗಗಳು 1,000 ಮಿ.ಮೀ. ಅಗಲದವು. ಕೇವಲ 67 ಮಿ.ಮೀ. ವ್ಯತ್ಯಾಸದಿಂದಾಗಿ ಕಿಡಾಟು ಎಂಬಲ್ಲಿ ಸರಕನ್ನು ಒಂದು ರೈಲಿನಿಂದ ಇನ್ನೊಂದಕ್ಕೆ ವರ್ಗಾಯಿಸಬೇಕಾಗುತ್ತದೆ.

ಸಾಧನೆ ಮತ್ತು ಸಮಸ್ಯೆಗಳು

ವರ್ಷಕ್ಕೆ ಸುಮಾರು 20 ಲಕ್ಷ ಟನ್ ಸರಕು ಸಾಗಿಸುವ ಉದ್ದೇಶದಿಂದ ರೂಪಿಸಿದ ಈ ಮಾರ್ಗ ಆ ಗುರಿಯನ್ನು ಎಂದೂ ಮುಟ್ಟಲಿಲ್ಲ. ಇಂಜಿನ್‌ಗಳ ದೋಷ, ಮಳೆಗಾಲದ ಭೂಕುಸಿತ, ಬಂದರಿನ ದಟ್ಟಣೆ ಮತ್ತು ನಿರ್ವಹಣೆಯ ಕೊರತೆ ಇದಕ್ಕೆ ಕಾರಣಗಳು. ಜಿಂಬಾಬ್ವೆ ಸ್ವತಂತ್ರವಾಗಿ, ಮುಂದೆ ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ನೀತಿ ಕೊನೆಗೊಂಡಾಗ ದಕ್ಷಿಣದ ದಾರಿಗಳು ಮುಕ್ತವಾದವು. ಲಾರಿಗಳ ಪೈಪೋಟಿಯೂ ಹೆಚ್ಚಿತು. ಹೀಗೆ ಯಾವ ರಾಜಕೀಯ ಬಿಕ್ಕಟ್ಟು ಈ ಮಾರ್ಗಕ್ಕೆ ಜನ್ಮ ನೀಡಿತೋ, ಅದರ ಪರಿಹಾರವೇ ಇದರ ಆದಾಯವನ್ನು ಕುಗ್ಗಿಸಿತು. ಆದರೂ ಹತ್ತಿರದಲ್ಲಿ ಬೇರೆ ಸಾರಿಗೆಯಿಲ್ಲದ ಅನೇಕ ಹಳ್ಳಿಗಳ ರೈತರು ತಮ್ಮ ಫಸಲನ್ನು ಮಾರುಕಟ್ಟೆಗೆ ಒಯ್ಯಲು ಇದರ ಪ್ರಯಾಣಿಕ ರೈಲುಗಳನ್ನೇ ನೆಚ್ಚಿಕೊಂಡರು.

ಪುನಶ್ಚೇತನ

ಮಾರ್ಗವನ್ನು ಪುನಶ್ಚೇತನಗೊಳಿಸುವ ಸಲುವಾಗಿ 2024ರ ಸೆಪ್ಟೆಂಬರ್‌ನಲ್ಲಿ ಚೀನಾ, ಟಾಂಜಾನಿಯಾ ಮತ್ತು ಜಾಂಬಿಯಾ ದೇಶಗಳು ಬೀಜಿಂಗ್‌ನಲ್ಲಿ ತಿಳಿವಳಿಕೆ ಒಪ್ಪಂದಕ್ಕೆ ಸಹಿ ಹಾಕಿದವು.