ನೆಪದ ಚೀಟಿಗಳ ಮೇಷ್ಟ್ರು

1958ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡಿನ ಸರ್ಕಾರಿ ವೃತ್ತಿಶಿಕ್ಷಣ ಶಾಲೆಗೆ ಫ್ರಾಂಕ್ ಮೆಕೋರ್ಟ್ ಮೇಷ್ಟ್ರಾಗಿ ಸೇರಿದ ಮೊದಲ ದಿನವೇ ತರಗತಿಯಲ್ಲಿ ಸ್ಯಾಂಡ್‌ವಿಚ್ ಹಾರಿತು. ಐರ್ಲೆಂಡಿನಲ್ಲಿ ಹಸಿವು ಉಂಡು ಬೆಳೆದವರು. ನೆಲದಿಂದ ಎತ್ತಿ ತಿಂದೇಬಿಟ್ಟರು!

ಅಲ್ಲಿನ ದುಡಿಯುವ ಕುಟುಂಬಗಳ ಮಕ್ಕಳಿಗೆ ಪ್ರಬಂಧವೆಂದರೆ ಅಲರ್ಜಿ. ಆದರೆ ಗೈರುಹಾಜರಾದಾಗ ಅಪ್ಪ-ಅಮ್ಮನ ಹೆಸರಲ್ಲಿ ತಾವೇ ಗೀಚಿ ತರುತ್ತಿದ್ದ ಚೀಟಿಗಳಲ್ಲಿ ಎಂಥ ಕಲ್ಪನೆ! ಮೆಕೋರ್ಟ್ ಬೈಯಲಿಲ್ಲ. ಆದಾಮನ ಪರವಾಗಿ ದೇವರಿಗೊಂದು ನೆಪದ ಚೀಟಿ ಬರೆಯಿರಿ ಎಂದರು. ಹುಡುಗರು ತಲೆಯೆತ್ತದೆ ಬರೆದರು. ಯಾವ ಪಠ್ಯಕ್ರಮ ಸಮಿತಿಗೆ ಇದು ಹೊಳೆದೀತು?

ಅಮೆರಿಕದಲ್ಲಿ ಮೇಷ್ಟ್ರಿಕೆಗೆ ಕೊನೆಯ ಪಂಕ್ತಿಯೇ ಗತಿ ಎಂಬ ಅಸಮಾಧಾನವನ್ನು 2005ರ ‘ಟೀಚರ್ ಮ್ಯಾನ್’ ಕೃತಿಯಲ್ಲಿ ಅವರು ಮುಚ್ಚಿಟ್ಟಿಲ್ಲ. ಅದಕ್ಕೆ ಅವರೇ ಸಾಕ್ಷಿ: ಸುಮಾರು ಮೂರು ದಶಕ ಪಾಠ ಹೇಳಿದಾಗ ಸಿಗದ ಹೆಸರು, 1996ರಲ್ಲಿ ಬಾಲ್ಯದ ನೆನಪುಗಳ ‘ಏಂಜೆಲಾಸ್ ಆ್ಯಶಸ್’ ಬಂದಮೇಲೆ ಸಿಕ್ಕಿತು. ಮರುವರ್ಷ ಪುಲಿಟ್ಜರ್ ಪ್ರಶಸ್ತಿಯೂ ಬಂತು.